ಗೇಟಿನ ಹೊರಗಿನ ಭಾನುವಾರಗಳು

ನ್ಯಾಯಾಲಯದ ಆದೇಶ ಕೈಗೆ ಬಂದ ಮೇಲಿನ ಮೊದಲ ಭಾನುವಾರ ನಾನು ಬೇಗ ಎದ್ದು ಶ್ಯಾವಿಗೆ ಪಾಯಸ ಮಾಡಿದೆ. ಮಗಳಿಗೆ ಆಗ ಏಳು ವರ್ಷ. ಪಾಯಸದಲ್ಲಿ ದ್ರಾಕ್ಷಿ ಸಿಕ್ಕರೆ ಎತ್ತಿ ಪಕ್ಕದವರ ಲೋಟಕ್ಕೆ ಹಾಕುವವಳು, ಅದಕ್ಕೇ ಬರೀ ಗೋಡಂಬಿ ಹಾಕಿದೆ. ಕೆಂಗೇರಿಯಲ್ಲಿ ಮೆಟ್ರೋ ಹತ್ತಿ ವಿಜಯನಗರದಲ್ಲಿ ಇಳಿದು, ಸೊಸೆಯಾಗಿ ಅಷ್ಟು ವರ್ಷ ಓಡಾಡಿದ ಬೀದಿಯಲ್ಲಿ ವಿಳಾಸ ಹುಡುಕುವವಳ ಹಾಗೆ ನಡೆದೆ. ಬ್ಯಾಗಿನಲ್ಲಿ ಆದೇಶದ ಪ್ರತಿ ಇತ್ತು. ಮಗು ಸದ್ಯಕ್ಕೆ ತಂದೆಯ ಬಳಿ ಇರಬೇಕು, ಪ್ರತಿ ಭಾನುವಾರ ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ ತಾಯಿ ಕರೆದುಕೊಂಡು ಹೋಗಬಹುದು ಎಂದು ಅದರಲ್ಲಿತ್ತು. ಆ ವಾಕ್ಯ ನನಗೆ ಬಾಯಿಪಾಠವಾಗಿತ್ತು.

ಗೇಟಿಗೆ ಒಳಗಿನಿಂದ ಬೀಗ ಹಾಕಿತ್ತು. ಬೆಲ್ ಒತ್ತಿದೆ. ಮೊದಲ ಮಹಡಿಯ ಬಾಲ್ಕನಿಗೆ ಅತ್ತೆ ಬಂದರು. ನನ್ನನ್ನು ನೋಡಿದ ಮೇಲೆ ತಂತಿಯ ಮೇಲಿದ್ದ ಟವೆಲ್ ತೆಗೆದು ಮಡಚುತ್ತಾ ನಿಂತರು.

"ಮಗು ಮಲ್ಗಿದೆ," ಎಂದರು.

"ಎಬ್ಬಿಸಿ ಅತ್ತೆ. ಹತ್ತು ಗಂಟೆ ಆಯ್ತಲ್ಲ."

"ಜ್ವರ ಇದೆ."

"ಜ್ವರ ಇದ್ರೆ ನಾನು ಒಳಗೇ ಬಂದು ನೋಡ್ತೀನಿ. ಎಲ್ಲೂ ಕರ್ಕೊಂಡು ಹೋಗಲ್ಲ."

ಅವರು ಒಳಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ನನ್ನ ಗಂಡ ಮೆಟ್ಟಿಲಿಳಿದು ಬಂದ. ಬೀಗ ತೆಗೆಯಲಿಲ್ಲ. ಗೇಟಿನ ಸರಳುಗಳ ಆಚೆಯಿಂದಲೇ, ಕರೆಂಟ್ ಬಿಲ್ ತಂದವರ ಜೊತೆ ಮಾತಾಡುವ ಹಾಗೆ ಮಾತಾಡಿದ.

"ಅವಳಿಗೆ ಬರೋಕೆ ಇಷ್ಟ ಇಲ್ಲ. ನಾನೇನ್ ಮಾಡ್ಲಿ? ಕೈಕಾಲು ಕಟ್ಟಿ ಕಳಿಸ್ಲಾ?"

"ಜ್ವರ ಅಂದ್ರಲ್ಲ ಅತ್ತೆ?"

"ಜ್ವರಾನೂ ಇದೆ."

"ಒಂದ್ಸಲ ಕರೀರಿ. ಬರಲ್ಲ ಅಂತ ಅವಳೇ ಹೇಳ್ಲಿ, ಹೋಗ್ತೀನಿ."

"ಮಲ್ಗಿದಾಳೆ ಅಂತ ಹೇಳಿದ್ವಲ್ಲ," ಎಂದು ಅವನು ಹತ್ತಿ ಹೋದ. ಗಂಡನನ್ನು ಬಹುವಚನದಲ್ಲಿ ಕರೆಯುವ ನನ್ನ ಅಭ್ಯಾಸ ಅಲ್ಲಿಂದಾಚೆಗೆ ಹೆಚ್ಚು ದಿನ ಉಳಿಯಲಿಲ್ಲ. ಪಾಯಸದ ಡಬ್ಬಿ ಹಾಗೇ ಮನೆಗೆ ವಾಪಸು ಬಂತು. ಅಮ್ಮ ಅದನ್ನು ಕೆಳಗಿನ ಮನೆಯ ಮಕ್ಕಳಿಗೆ ಕೊಟ್ಟುಬಂದರು.

ನಾವಿಬ್ಬರೂ ಯಾಕೆ ಜಗಳವಾಡುತ್ತಿದ್ದೆವು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಎಷ್ಟೋ ಮನೆಗಳಲ್ಲಿ ಆಡುವಂಥದ್ದೇ. ಮನೆ ಒಡೆದ ಬಗೆಯನ್ನಷ್ಟೇ ಹೇಳುತ್ತೇನೆ. ನನ್ನ ಗರ್ಭಕೋಶದಲ್ಲಿ ಗಡ್ಡೆಗಳಿದ್ದವು. ಆಪರೇಷನ್ ಆದ ಮೇಲೆ ಭಾರ ಎತ್ತಬಾರದು, ಮೆಟ್ಟಿಲು ಹತ್ತಬಾರದು ಎಂದು ಡಾಕ್ಟರು ಹೇಳಿದ್ದರಿಂದ ಕೆಂಗೇರಿ ಉಪನಗರದ ನಮ್ಮ ಅಮ್ಮನ ಮನೆಗೆ ಹೋದೆ. ಮಗಳಿಗೆ ಶಾಲೆ ಇತ್ತು, ಅವಳು ವಿಜಯನಗರದಲ್ಲೇ ಉಳಿದಳು. ಮೊದಮೊದಲು ದಿನಾ ಸಂಜೆ ಫೋನಿನಲ್ಲಿ ಮಾತಾಡಿಸುತ್ತಿದ್ದರು. ಆಮೇಲೆ ಹೋಮ್‌ವರ್ಕ್ ಮಾಡ್ತಿದಾಳೆ, ಆಟ ಆಡ್ತಿದಾಳೆ ಎನ್ನತೊಡಗಿದರು. ಹೊಲಿಗೆ ಮಾಗಿ ನಾನು ವಾಪಸು ಹೋದ ದಿನ ಗಂಡ ಬಾಗಿಲಲ್ಲೇ ನಿಂತು, "ನೀನಿಲ್ದೆ ಮನೆ ನೆಮ್ಮದಿಯಾಗಿದೆ, ಅಲ್ಲೇ ಇರು," ಎಂದ. ಒಳಗೆ ಟಿವಿಯ ಕಾರ್ಟೂನಿನ ಸದ್ದು ಕೇಳುತ್ತಿತ್ತು. ನಾನು ಬಂದಿರುವುದು ಮಗಳಿಗೆ ಗೊತ್ತಾಗಲೇ ಇಲ್ಲ. ಮುಂದೆ ಅವನು ಕೋರ್ಟಿಗೆ ಹೋಗಿ, ಹೆಂಡತಿ ಮಗುವನ್ನು ಬಿಟ್ಟು ತವರಿಗೆ ಹೋದಳು ಎಂದು ಅರ್ಜಿ ಹಾಕಿದ. ಶಾಲೆ, ಮನೆ ಬದಲಾಯಿಸಿದರೆ ಮಗುವಿಗೆ ತೊಂದರೆ ಎಂದು ನ್ಯಾಯಾಧೀಶರು ಅವಳನ್ನು ಸದ್ಯಕ್ಕೆ ಅಲ್ಲೇ ಉಳಿಸಿ, ನನಗೆ ಭಾನುವಾರಗಳನ್ನು ಕೊಟ್ಟರು. ಕೊಟ್ಟರು ಎಂದೇ ನಾನು ತಿಳಿದುಕೊಂಡಿದ್ದೆ.

ನನ್ನ ವಕೀಲೆಯ ಆಫೀಸು ರಾಜಾಜಿನಗರದಲ್ಲಿ, ಒಂದು ಬೇಕರಿಯ ಮೇಲೆ. ಅವರ ಮೇಜಿನವರೆಗೂ ಬನ್ನಿನ ವಾಸನೆ ಬರುತ್ತಿತ್ತು. ನನಗಿಂತ ಚಿಕ್ಕವರು, ಆದರೆ ಮುಖದಲ್ಲಿ ಸದಾ ನಿದ್ದೆಗೆಟ್ಟ ದಣಿವು.

"ಕೊಡಲ್ಲ ಅಂತ ಗೊತ್ತಿದ್ರೂ ಪ್ರತಿ ಭಾನುವಾರ ಹೋಗಿ," ಎಂದರು. "ಹೋಗೋಕೆ ಮುಂಚೆ ಮೆಸೇಜ್ ಮಾಡಿ. ಗೇಟ್ ಹತ್ರ ಒಂದು ಫೋಟೋ ತೆಗೀರಿ. ಜಗಳ ಮಾತ್ರ ಆಡ್ಬೇಡಿ. ನೀವು ಒಂದು ವಾರ ತಪ್ಪಿಸಿದ್ರೂ ಅವರು ಅದನ್ನೇ ಹಿಡ್ಕೋತಾರೆ."

"ಮೇಡಂ, ಕೋರ್ಟೇ ಹೇಳಿದೆ ಅಲ್ವಾ? ಕೊಡ್ಲೇಬೇಕಲ್ವಾ?"

"ಕೊಡ್ಲೇಬೇಕು," ಎಂದು ಅವರು ಪೆನ್ನಿನ ಮುಚ್ಚಳ ಹಾಕಿದರು. "ಕೊಡೋ ಹಾಗೆ ಮಾಡೋದು ಬೇರೆ ಕೆಲಸ."

ಹಾಗೆ ನನ್ನ ಭಾನುವಾರಗಳು ಶುರುವಾದವು. ವಾರವಿಡೀ ನಾಯಂಡಹಳ್ಳಿಯ ಒಂದು ಪ್ಲೈವುಡ್ ಗೋಡೌನಿನಲ್ಲಿ ಬಿಲ್ ಬರೆಯುವುದು ನನ್ನ ಕೆಲಸ. ಭಾನುವಾರ ಗೇಟಿನ ಮುಂದೆ ನಿಲ್ಲುವುದು. ಒಂದು ವಾರ ಡಾನ್ಸ್ ಕ್ಲಾಸ್. ಇನ್ನೊಂದು ವಾರ ಮದುವೆ ಮನೆ. ಮತ್ತೊಂದು ವಾರ ಬೆಲ್ಲಿಗೆ ಯಾರೂ ಬರಲೇ ಇಲ್ಲ, ಆದರೆ ಒಳಗೆ ಕುಕ್ಕರ್ ಕೂಗುತ್ತಿತ್ತು. ಎದುರಿಗೆ ತಳ್ಳುಗಾಡಿಯ ಮೇಲೆ ಬಟ್ಟೆ ಇಸ್ತ್ರಿ ಮಾಡುವ ಹೆಂಗಸು ನನ್ನನ್ನು ಸೊಸೆಯಾಗಿದ್ದಾಗಿನಿಂದ ಬಲ್ಲವಳು. ಬಿಸಿಲು ಏರಿದಾಗ ತನ್ನ ಪ್ಲಾಸ್ಟಿಕ್ ಸ್ಟೂಲ್ ನೂಕಿ, "ಕೂತ್ಕೊಳಿ," ಎನ್ನುತ್ತಿದ್ದಳು. ಒಂದು ದಿನ ಇಸ್ತ್ರಿ ಪೆಟ್ಟಿಗೆಗೆ ಕೆಂಡ ತುಂಬುತ್ತಾ, "ಎಷ್ಟು ವಾರ ಅಂತ ಬರ್ತೀರಮ್ಮ? ಬಿಟ್ಬಿಡಿ. ದೊಡ್ಡೋಳಾದ್ಮೇಲೆ ಅವಳೇ ಬರ್ತಾಳೆ," ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಆ ಮಾತು ಗೇಟಿನ ಬೀಗಕ್ಕಿಂತ ಹೆಚ್ಚು ನನ್ನನ್ನು ಹೆದರಿಸಿತು. ಮುಂದಿನ ವಾರಗಳಲ್ಲಿ ನಾನು ಸ್ಟೂಲಿನ ಮೇಲೆ ಕೂರಲಿಲ್ಲ.

ಒಂದೇ ಒಂದು ಸಲ ಮಗಳು ಬಾಲ್ಕನಿಗೆ ಬಂದಳು. ಎಣ್ಣೆ ಹಚ್ಚಿ ಬಿಗಿಯಾಗಿ ಎರಡು ಜಡೆ ಹಾಕಿತ್ತು. ಜಡೆ ಹಾಕುವುದು ಅತ್ತೆಯ ಕೈಲಾಗುವುದಿಲ್ಲ, ಅವರ ಬೆರಳುಗಳು ಬಾಗುವುದಿಲ್ಲ, ಗಂಡ ಕಲಿತುಕೊಂಡಿದ್ದ. ಅವನು ಕೆಟ್ಟ ತಂದೆಯಲ್ಲ. ಅದೇ ನನ್ನ ಕಷ್ಟವನ್ನು ಇನ್ನೂ ಕಷ್ಟ ಮಾಡಿತ್ತು. ನಾನು ಕೈ ಎತ್ತಿದೆ. ಅವಳ ಕೈಯೂ ಅರ್ಧ ಮೇಲೆದ್ದಿತು. ಆಮೇಲೆ ಹಿಂದೆ ತಿರುಗಿ ಒಳಗೆ ಯಾರಾದರೂ ನೋಡುತ್ತಿದ್ದಾರೆಯೇ ಎಂದು ನೋಡಿದಳು, ಕೈ ಇಳಿಸಿದಳು, ತಾನಾಗಿಯೇ ಒಳಗೆ ಹೋದಳು. ಯಾರೂ ಅವಳನ್ನು ಎಳೆದುಕೊಂಡು ಹೋಗಲಿಲ್ಲ. ಎಳೆದುಕೊಂಡು ಹೋಗಿದ್ದರೆ ಚೆನ್ನಾಗಿತ್ತು ಎಂದು ಮೆಟ್ರೋದಲ್ಲಿ ದಾರಿಯುದ್ದಕ್ಕೂ ಅಂದುಕೊಂಡೆ.

ಪೊಲೀಸ್ ಠಾಣೆಗೂ ಹೋದೆ. ಅಲ್ಲಿದ್ದ ಸಬ್‌ಇನ್‌ಸ್ಪೆಕ್ಟರ್ ಆದೇಶ ಓದಿ, "ಇದು ಸಿವಿಲ್ ಮ್ಯಾಟರ್ ಅಮ್ಮ. ಕೋರ್ಟು ನಮಗೆ ಹೇಳಿದ್ರೆ ನಾವು ಬರ್ಬೋದು," ಎಂದರು. ಆದರೂ ಕನಿಕರಪಟ್ಟು ಒಬ್ಬ ಮಹಿಳಾ ಕಾನ್‌ಸ್ಟೇಬಲನ್ನು ನನ್ನ ಜೊತೆ ಕಳಿಸಿದರು. ಅವತ್ತು ಗೇಟು ತೆರೆಯಿತು. ನಡುಮನೆಯಲ್ಲಿ ಮಗಳು ಅಜ್ಜಿಯ ಸೀರೆಯ ನೆರಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಖಾಕಿ ಬಟ್ಟೆ ನೋಡಿ ಕಿರುಚತೊಡಗಿದಳು. "ನಾ ಬರಲ್ಲ, ನಾ ಬರಲ್ಲ." ನಾನು ಮಂಡಿಯೂರಿ ಕೂತು ಅವಳ ಹೆಸರು ಹಿಡಿದು ಕರೆದೆ. ಅವಳು ಮುಖ ಮುಚ್ಚಿಕೊಂಡಳು.

ಕೆಳಗಿಳಿದ ಮೇಲೆ ಕಾನ್‌ಸ್ಟೇಬಲ್, "ನನಗೂ ಇಬ್ರು ಮಕ್ಳಿದಾರೆ ಅಕ್ಕ. ಹಂಗೆ ಅಳೋ ಮಗೂನ ಎಳ್ಕೊಂಡು ಹೋಗೋಕಾಗುತ್ತಾ ಹೇಳಿ," ಎಂದಳು. ಆಗುವುದಿಲ್ಲ. ಅದು ಗಂಡನಿಗೂ ಗೊತ್ತಿತ್ತು. ಮೇಲೆ ಬಾಲ್ಕನಿಯಲ್ಲಿ ನಿಂತು ಅವನು ಮೊಬೈಲಿನಲ್ಲಿ ನಮ್ಮನ್ನು ಚಿತ್ರೀಕರಿಸುತ್ತಿದ್ದ.

ಆಮೇಲೆ ವಕೀಲೆ ಅಮಲ್ಜಾರಿ ಅರ್ಜಿ ಹಾಕಿದರು. ಎಂದರೆ, ನೀವೇ ಕೊಟ್ಟ ಆದೇಶವನ್ನು ದಯವಿಟ್ಟು ನಡೆಸಿಕೊಡಿ ಎಂದು ಅದೇ ಕೋರ್ಟನ್ನು ಮತ್ತೆ ಕೇಳುವುದು. ಅವನ ಕಡೆಯಿಂದ ಒಮ್ಮೆ ವಕೀಲರು ಬರಲಿಲ್ಲ, ಒಮ್ಮೆ ಆಕ್ಷೇಪಣೆಗೆ ಸಮಯ ಬೇಕಾಯಿತು, ಒಮ್ಮೆ ಮಗುವಿನ ಪರೀಕ್ಷೆ. ಒಂದು ಬೇಸಿಗೆ ಹೀಗೇ ಕಳೆಯಿತು. ಮಳೆಗಾಲವೂ ಮುಗಿಯುತ್ತ ಬಂತು. ನ್ಯಾಯಾಲಯದ ಕಾರಿಡಾರಿನಲ್ಲಿ ನನ್ನ ಹಾಗೇ ಕಾಯುವವರಿದ್ದರು, ಹೆಚ್ಚಿನವರು ಗಂಡಸರು. ಮಗನಿಗೆಂದು ತಂದ ಕ್ರಿಕೆಟ್ ಬ್ಯಾಟನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದ ಒಬ್ಬರು, "ನೀವು ತಾಯಿ, ನಿಮಗೂ ಹಿಂಗೇನಾ?" ಎಂದು ನಿಜವಾಗಿ ಆಶ್ಚರ್ಯಪಟ್ಟು ಕೇಳಿದರು. ಹೌದು ಎಂದೆ. ಅವರಿಗೆ ಸ್ವಲ್ಪ ಸಮಾಧಾನವಾದಂತೆ ಕಂಡಿತು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ.

ಕೊನೆಗೆ ನ್ಯಾಯಾಧೀಶರು ಮಗುವನ್ನು ಕರೆತರಲು ಹೇಳಿ, ತಮ್ಮ ಕೊಠಡಿಯಲ್ಲಿ ಅವಳೊಬ್ಬಳ ಜೊತೆ ಮಾತಾಡಿದರು. ಆಮೇಲೆ ನಮ್ಮಿಬ್ಬರನ್ನೂ ಕರೆದು ಗಂಡನಿಗೆ, "ಮಗು ಹೇಳ್ತಿರೋದು ಅದರ ಮಾತಲ್ಲ. ದೊಡ್ಡವರ ಮಾತು," ಎಂದರು. ಮಗಳು ಏನು ಹೇಳಿದಳು ಎಂದು ನಾನು ಕೇಳಿದೆ. ಅವರು, "ಅಮ್ಮ ಸುಳ್ಳು ಆಪರೇಷನ್ ಹೇಳಿ ನನ್ನ ಬಿಟ್ಟು ಹೋದ್ಲು ಅಂತ ಹೇಳ್ತು," ಎಂದರು. ಮನೆಯ ಗೇಟಿನಲ್ಲಿ ಇದು ನಡೆಯುವುದಿಲ್ಲ ಎಂದು ಕಂಡಿದ್ದರಿಂದ, ಭಾನುವಾರದ ಬದಲು ಶನಿವಾರ, ನ್ಯಾಯಾಲಯದಲ್ಲೇ ಇರುವ ಮಕ್ಕಳ ಕೋಣೆಯಲ್ಲಿ, ಆಪ್ತ ಸಮಾಲೋಚಕಿಯ ಎದುರಿಗೆ ಭೇಟಿ ಎಂದು ಬರೆಸಿದರು. ತಪ್ಪಿದರೆ ಸಿವಿಲ್ ಜೈಲಿನ ಮಾತು ಬರುತ್ತದೆ ಎಂದು ಗಂಡನಿಗೆ ಎಚ್ಚರಿಸಿದರು.

ಮಕ್ಕಳ ಕೋಣೆಯ ಗೋಡೆಗೆ ಆನೆ, ಜಿರಾಫೆ ಬರೆದಿದ್ದರು. ನೆಲಕ್ಕೆ ಫೋಮಿನ ಚಾಪೆ, ಮೂಲೆಯಲ್ಲಿ ಚಕ್ರ ಕಳಚಿದ ಒಂದು ಸೈಕಲ್ಲು. ಅಲ್ಲಲ್ಲಿ ಒಬ್ಬೊಬ್ಬ ತಂದೆಯೋ ತಾಯಿಯೋ ತಮ್ಮ ಮಗುವಿನ ಮುಂದೆ ಕೂತು, ಪರೀಕ್ಷೆಗೆ ಬಂದವರ ಹಾಗೆ ನಗುತ್ತಿದ್ದರು. ಮಗಳು ಒಳಗೆ ಬಂದಾಗ ನನಗೆ ಮೊದಲು ಕಂಡಿದ್ದು ಅವಳ ಹಲ್ಲು. ಮುಂದಿನ ಎರಡು ಹಲ್ಲುಗಳು ಬಿದ್ದು, ಹೊಸ ಹಲ್ಲುಗಳು ಪೂರ್ತಿ ಬಂದುಬಿಟ್ಟಿದ್ದವು. ಹಲ್ಲು ಬಿದ್ದ ಬಾಯಿಯನ್ನು ನಾನು ನೋಡಲೇ ಇಲ್ಲ.

ಅವಳು ನನಗೆ ಬೆನ್ನು ಮಾಡಿ ಕೂತಳು. ಬಣ್ಣದ ಪೆನ್ಸಿಲ್ ಕೊಟ್ಟೆ. ತೆಗೆದುಕೊಂಡು, "ಥ್ಯಾಂಕ್ಸ್ ಆಂಟಿ," ಎಂದಳು.

ಸಮಾಲೋಚಕಿ ನನ್ನ ಕಡೆ ನೋಡಿ, ಸುಮ್ಮನಿರಿ ಎಂದು ಕಣ್ಣಿನಲ್ಲೇ ಹೇಳಿದರು. ಸುಮ್ಮನಿದ್ದೆ. ಅವತ್ತೆಲ್ಲ ಅವಳು ಮನೆಯ ಚಿತ್ರ ಬರೆದು ಅಳಿಸಿ, ಮತ್ತೆ ಬರೆದು ಅಳಿಸಿದಳು. ಹೋಗುವ ಹೊತ್ತಿಗೆ ಕಾಗದ ತೂತಾಗಿತ್ತು.

ಮೂರನೆಯದೋ ನಾಲ್ಕನೆಯದೋ ಶನಿವಾರ ಅವಳು ಚಿತ್ರದಿಂದ ತಲೆ ಎತ್ತದೆಯೇ ಕೇಳಿದಳು. "ನಿಮಗೆ ನಿಜವಾಗ್ಲೂ ಆಪರೇಷನ್ ಆಗಿತ್ತಾ?"

"ಹೌದು ಪುಟ್ಟಿ."

"ಎಲ್ಲಿ?"

"ಹೊಟ್ಟೆಗೆ."

"ತೋರ್ಸಿ."

ಸಮಾಲೋಚಕಿಯನ್ನು ಕೇಳಿ, ಬೀರುವಿನ ಮರೆಗೆ ಅವಳನ್ನು ಕರೆದುಕೊಂಡು ಹೋದೆ. ನೆರಿಗೆಯ ಮೇಲೆ ಸೀರೆಯನ್ನು ಸ್ವಲ್ಪ ಕೆಳಗೆ ಸರಿಸಿದೆ. ಅಡ್ಡಕ್ಕೆ ಹೋದ ಕಂದು ಗೆರೆ. ಅವಳು ಬಗ್ಗಿ, ಮೇಷ್ಟರು ಲೆಕ್ಕ ತಿದ್ದುವ ಹಾಗೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದಳು. ಒಂದು ಬೆರಳಿನಿಂದ ಮುಟ್ಟಿದಳು.

"ನೋವಾಗುತ್ತಾ?"

"ಈಗಿಲ್ಲ."

"ಅಜ್ಜಿ ಸುಳ್ಳು ಅಂದ್ರು."

"ಅಜ್ಜೀಗೆ ಗೊತ್ತಿರಲಿಲ್ಲ ಅನ್ಸುತ್ತೆ," ಎಂದೆ. ಅತ್ತೆ ಆಸ್ಪತ್ರೆಗೆ ಗಂಜಿ ತಂದುಕೊಟ್ಟವರು. ಆದರೂ ಹಾಗೆಂದೆ. ಆ ಮಗುವಿಗೆ ವಾರವಿಡೀ ಬದುಕಲು ಇರುವುದು ಆ ಅಜ್ಜಿಯ ಜೊತೆಗೆ.

ಅವತ್ತು ಅವಳು ನನ್ನ ಪಕ್ಕಕ್ಕೆ ಬಂದು ಕೂತಳು. ಮುಂದಿನ ಶನಿವಾರ ಶಾಲೆಯ ಒಂದು ಜಗಳದ ಕಥೆ ಹೇಳುತ್ತಾ ಹೇಳುತ್ತಾ, "ಆಮೇಲೆ ಏನಾಯ್ತು ಗೊತ್ತಾ ಅಮ್ಮ," ಎಂದು ಬಾಯಿತಪ್ಪಿ ಅಂದಳು. ಅಂದವಳು ತಾನೇ ಗಮನಿಸಲಿಲ್ಲ. ನಾನೂ ಗಮನಿಸದವಳ ಹಾಗೆ ಕೂತೆ. ಹೊರಗೆ ಬಂದ ಕೂಡಲೇ ವಕೀಲೆಗೆ ಫೋನು ಮಾಡಿ ಹೇಳಿದೆ.

ಅದರ ಮರುವಾರ ಅವಳು ಬರಲಿಲ್ಲ. ಅದರ ಮರುವಾರವೂ ಇಲ್ಲ. ಆಮೇಲೆ ತಿಳಿಯಿತು, ಅವಳು ಮನೆಗೆ ಹೋಗಿ ಊಟಕ್ಕೆ ಕೂತಾಗ ಎಲ್ಲರ ಮುಂದೆ, "ಅಮ್ಮಂಗೆ ಗೆರೆ ಇದೆ, ನಾನು ನೋಡ್ದೆ," ಎಂದಿದ್ದಳಂತೆ. ನಾನು ಮಗುವಿನ ತಲೆ ಕೆಡಿಸುತ್ತಿದ್ದೇನೆ, ಮೈ ತೋರಿಸಿ ಹೆದರಿಸುತ್ತಿದ್ದೇನೆ ಎಂದು ಗಂಡ ಆಕ್ಷೇಪಣೆ ಹಾಕಿದ. ಸಮಾಲೋಚಕಿ ಹಾಗೇನೂ ನಡೆದಿಲ್ಲ ಎಂದು ವರದಿ ಕೊಟ್ಟರು. ಆದರೂ ಅವನು ಕರೆತರಲಿಲ್ಲ. ಅವಳಿಲ್ಲದ ಕೋಣೆಯಲ್ಲಿ ನಾನು ಎಷ್ಟೋ ಶನಿವಾರ ಆನೆ, ಜಿರಾಫೆಗಳ ಮುಂದೆ ಕೂತೆ.

"ಇನ್ನು ವಾರೆಂಟ್ ಕೇಳ್ಬೇಕು," ಎಂದರು ವಕೀಲೆ. "ಕೇಳ್ಲಾ? ನೀವು ಯೋಚ್ನೆ ಮಾಡಿ ಹೇಳಿ."

ಅಮ್ಮ ಬೇಡವೇ ಬೇಡ ಎಂದರು. "ಅಪ್ಪನ್ನ ಪೊಲೀಸ್ರು ಹಿಡ್ಕೊಂಡು ಹೋಗೋದನ್ನ ಆ ಮಗು ನೋಡ್ಬೇಕಾ? ನಾಳೆ ಅವಳು ನಿನ್ನ ಮುಖ ನೋಡ್ತಾಳಾ?"

"ಈಗ ಮಾತ್ರ ನೋಡ್ತಿದಾಳಾ ಅಮ್ಮ?" ಎಂದೆ.

ವಕೀಲೆಗೆ, ವಾರೆಂಟ್ ಕೇಳಿ ಎಂದೆ. ಯೋಚಿಸಿಯೇ ಹೇಳಿದ್ದು. ಸುಮ್ಮನಿದ್ದರೆ ಅವಳು ನನ್ನನ್ನು ನಿಧಾನವಾಗಿ ಮರೆಯುತ್ತಾಳೆ, ಕೇಳಿದರೆ ದ್ವೇಷಿಸಬಹುದು. ದ್ವೇಷಿಸುವವಳನ್ನು ಕಣ್ಣಿಂದಾದರೂ ನೋಡಬಹುದು ಎಂದು ಲೆಕ್ಕ ಹಾಕಿದೆ. ಈಗಲೂ ಅದು ಸರಿಯೋ ತಪ್ಪೋ ನನಗೆ ಗೊತ್ತಿಲ್ಲ.

ವಾರೆಂಟ್ ಹೊರಟಿತು. ಪೊಲೀಸರು ಒಂದು ಬೆಳಗ್ಗೆ ವಿಜಯನಗರದ ಮನೆಗೆ ಹೋಗಿ ಗಂಡನನ್ನು ಕೋರ್ಟಿಗೆ ಕರೆತಂದರು. ಅವನ ಅಂಗಿಯ ಒಂದು ತೋಳು ಮಡಚಿತ್ತು, ಇನ್ನೊಂದು ಹಾಗೇ ಇತ್ತು. ಮಗಳಿಗೆ ಜಡೆ ಹಾಕುತ್ತಿದ್ದಾಗ ಬಂದರಂತೆ. ಅವನು ಕೈಮುಗಿದು, ಇನ್ನು ತಪ್ಪಿಸುವುದಿಲ್ಲ ಎಂದು ಮುಚ್ಚಳಿಕೆ ಬರೆದುಕೊಟ್ಟ. ಜೈಲಿಗೆ ಕಳಿಸಲಿಲ್ಲ. ನನ್ನನ್ನು ದಾಟಿ ಹೋಗುವಾಗ, "ಖುಷಿ ಆಯ್ತಾ?" ಎಂದ. ಖುಷಿ ಆಗಿರಲಿಲ್ಲ. ಬೇಸರವೂ ಆಗಿರಲಿಲ್ಲ. ಹಸಿವಾಗಿತ್ತು. ಹೊರಗೆ ಹೋಗಿ ಎರಡು ಇಡ್ಲಿ ತಿಂದು ಗೋಡೌನಿಗೆ ಹೋದೆ.

ಆ ಶನಿವಾರ ಮಗಳು ಬಂದಳು. ಕೂರಲಿಲ್ಲ, ಬಾಗಿಲ ಹತ್ತಿರವೇ ನಿಂತಳು.

"ಪೊಲೀಸ್ ಬಂದಿದ್ರು," ಎಂದಳು. "ಅಜ್ಜಿ ಅತ್ರು. ಪಕ್ಕದ ಮನೆಯವರೆಲ್ಲ ನೋಡಿದ್ರು. ನೀವೇ ಕಳ್ಸಿದ್ದಾ?"

ಕೋರ್ಟು ಕಳಿಸಿತು ಎನ್ನಬಹುದಿತ್ತು. "ಹೌದು, ನಾನೇ ಕೇಳಿದ್ದು," ಎಂದೆ. "ನಿನ್ನ ನೋಡೋಕೆ ಬೇರೆ ದಾರಿ ಇರಲಿಲ್ಲ."

"ನನಗೆ ನಿಮ್ಮನ್ನ ನೋಡೋದು ಬೇಡ." ಬಹಳ ಮೆಲ್ಲಗೆ ಹೇಳಿದಳು. ಈ ಸಲ ಅದು ದೊಡ್ಡವರ ಮಾತಾಗಿರಲಿಲ್ಲ, ಅವಳದ್ದೇ.

ಅಲ್ಲಿಂದ ಮುಂದೆ ಗಂಡ ಒಂದು ಶನಿವಾರವೂ ತಪ್ಪಿಸಲಿಲ್ಲ. ಸಮಯಕ್ಕೆ ಸರಿಯಾಗಿ ಕರೆತಂದು ಬಿಟ್ಟು ಹೊರಗೆ ಬೆಂಚಿನ ಮೇಲೆ ಕೂರುತ್ತಿದ್ದ. ಮಗಳು ಪುಸ್ತಕ ತೆರೆದು ಹೋಮ್‌ವರ್ಕ್ ಮಾಡುತ್ತಿದ್ದಳು. ಕೇಳಿದ್ದಕ್ಕೆ ಹೂಂ, ಉಹೂಂ. ತಿಂಡಿ ಕೊಟ್ಟರೆ, "ತಿಂದ್ಕೊಂಡು ಬಂದಿದೀನಿ." ಆದೇಶ ಅಕ್ಷರಶಃ ಜಾರಿಯಾಗುತ್ತಿತ್ತು. ವಕೀಲೆಗೆ ಅದು ಗೆಲುವು. ನಾನು ಪ್ರತಿ ವಾರ ಅವಳ ಬಗ್ಗಿದ ತಲೆಯ ಬೈತಲೆ ನೋಡಿಕೊಂಡು ಬರುತ್ತಿದ್ದೆ. ಆದರೂ ಹೋಗುವುದನ್ನು ಬಿಡಲಿಲ್ಲ. ಅವಳಿಗೆ ಭಾಗಾಕಾರದಲ್ಲಿ ಎಲ್ಲಿ ತಪ್ಪಾಗುತ್ತದೆ, ಯೋಚಿಸುವಾಗ ಯಾವ ಉಗುರು ಕಚ್ಚುತ್ತಾಳೆ, ಅಕ್ಷರ ಯಾವಾಗ ಬಲಕ್ಕೆ ವಾಲತೊಡಗಿತು, ಅಷ್ಟನ್ನಾದರೂ ತಿಳಿದುಕೊಂಡೆ.

ಅವಳಿಗೆ ಹತ್ತು ತುಂಬಿದ ಮೇಲೆ, ಎರಡು ವಾರಕ್ಕೊಮ್ಮೆ ಶನಿವಾರ ಅವಳನ್ನು ಮನೆಗೇ ಕರೆದುಕೊಂಡು ಹೋಗಲು ನ್ಯಾಯಾಲಯ ಒಪ್ಪಿತು. ಮೊದಲ ಸಲ ಕೆಂಗೇರಿಗೆ ಬಂದಾಗ ನಮ್ಮ ಅಮ್ಮ ಬಾಗಿಲಲ್ಲೇ ಅಳತೊಡಗಿದರು. ಮಗಳು ಏನು ಮಾಡಬೇಕೆಂದು ತೋಚದೆ ಚಪ್ಪಲಿ ಬಿಚ್ಚಿ, ಹಾಕಿ, ಮತ್ತೆ ಬಿಚ್ಚಿದಳು. ಊಟ ಮಾಡಿದಳು, ಎರಡನೆಯ ಸಲ ಅನ್ನ ಬೇಡ ಎಂದಳು. ಆಮೇಲೆ ಕಿಟಕಿಯ ಹತ್ತಿರ ಕೂತು ರಸ್ತೆ ನೋಡಿದಳು. ಮೂರು ಗಂಟೆಯ ಸುಮಾರಿಗೆ ನನ್ನ ಹತ್ತಿರ ಬಂದು, "ನಾನು ಹೋಗ್ಲಾ?" ಎಂದಳು.

ಐದರವರೆಗೆ ಸಮಯ ನನ್ನದಿತ್ತು. ಅದರ ಒಂದೊಂದು ಗಂಟೆಗಾಗಿಯೂ ನಾನು ಎಲ್ಲೆಲ್ಲಿ ನಿಂತಿದ್ದೆ ಎಂದು ನನಗೆ ಗೊತ್ತು. "ಬೇಜಾರಾಗ್ತಿದ್ಯಾ?" ಎಂದೆ.

"ಬೇಜಾರಲ್ಲ. ಇಲ್ಲಿ ಏನ್ ಮಾಡ್ಬೇಕು ಅಂತ ಗೊತ್ತಾಗ್ತಿಲ್ಲ."

"ನಂಗೂ ಗೊತ್ತಾಗ್ತಿಲ್ಲ," ಎಂದೆ. ಅವಳು ನನ್ನ ಮುಖ ನೋಡಿದಳು. ಬ್ಯಾಗು ತೆಗೆದುಕೊಂಡು ಹೊರಟೆವು. ಮೆಟ್ರೋದಲ್ಲಿ ಸೀಟು ಸಿಕ್ಕರೂ ಅವಳು ಕೂರಲಿಲ್ಲ, ಬಾಗಿಲ ಕಂಬ ಹಿಡಿದು ನಿಂತಳು. ನಾನೂ ಅದೇ ಕಂಬವನ್ನು ಸ್ವಲ್ಪ ಕೆಳಗೆ ಹಿಡಿದು ನಿಂತೆ. ಬೇಗ ಬಿಟ್ಟುಬಂದದ್ದಕ್ಕೆ ವಕೀಲೆ ಬೈದರು. ನಾಳೆ ಅವರು ಇದನ್ನೇ ವಾದ ಮಾಡ್ತಾರೆ ಎಂದರು. ಮಾಡಲಿ ಎಂದೆ.

ಹೀಗೇ ನಡೆಯುತ್ತಿದೆ. ಕೆಲವು ಸಲ ಬರುತ್ತಾಳೆ, ಕೆಲವು ಸಲ ಬರುವುದಿಲ್ಲ. ಬಾರದ ದಿನ ಗಂಡ ಎರಡು ಪದದ ಮೆಸೇಜ್ ಕಳಿಸುತ್ತಾನೆ. ನಾನು ಇನ್ನು ಅರ್ಜಿ ಹಾಕಿಸುತ್ತಿಲ್ಲ. ಕಳೆದುಹೋದ ವರ್ಷಗಳನ್ನು ಯಾವ ಆದೇಶವೂ ವಾಪಸು ತರುವುದಿಲ್ಲ ಎಂದು ಒಪ್ಪಿಕೊಂಡಿದ್ದೇನೆ, ಆದರೆ ಒಪ್ಪಿಕೊಂಡ ಮಾತ್ರಕ್ಕೆ ನಿದ್ದೆ ಬರುತ್ತದೆ ಎಂದೇನಿಲ್ಲ.

ಮೊನ್ನೆ ಶುಕ್ರವಾರ ಮಧ್ಯಾಹ್ನ ಗೋಡೌನಿನಲ್ಲಿ ಲೋಡು ಇಳಿಯುತ್ತಿದ್ದಾಗ ಫೋನು ಬಂತು. ಅತ್ತೆಯ ನಂಬರು. ಏನಾಯಿತೋ ಎಂದುಕೊಂಡೆ. ಲಾರಿಯ ಸದ್ದಿನಿಂದ ದೂರ ಹೋಗಿ ಎತ್ತಿದೆ.

"ನಾನು," ಎಂದಳು ಮಗಳು. "ನಾಳೆ ಫ್ರೆಂಡ್ ಬರ್ತ್‌ಡೇ ಇದೆ. ಬರಲ್ಲ ಅಂತ ಹೇಳೋಕೆ ಮಾಡ್ದೆ."

ಇಷ್ಟು ವರ್ಷಗಳಲ್ಲಿ ಅವಳು ತಾನಾಗಿ ನನಗೆ ಮಾಡಿದ ಮೊದಲ ಫೋನು ಅದು.

"ಸರಿ ಪುಟ್ಟಿ," ಎಂದೆ. "ಏನ್ ಗಿಫ್ಟ್ ಕೊಡ್ತೀಯಾ?"

"ಗೊತ್ತಿಲ್ಲ. ಇನ್ನೂ ತಗೊಂಡಿಲ್ಲ," ಎಂದಳು. ಆಮೇಲೆ, "ಇಡ್ತೀನಿ, ಅಜ್ಜಿ ಫೋನ್ ಕೇಳ್ತಿದಾರೆ," ಎಂದು ಇಟ್ಟುಬಿಟ್ಟಳು.